ಕಡಲಿಲ್ಲದ ಊರಿನಲ್ಲಿ ಪರಂಗಿಗಳ ಚರಿತ್ರೆ

ಹಲವು ವರ್ಷಗಳ ಹಿಂದೆ ನಾವೊಂದು ಕಥೆ ಬರೆದಿದ್ದೆವು. ಉಳ್ಳಾಲದ ರಾಣಿ ಅಬ್ಬಕ್ಕನ ಕಾಲದ ಕಥೆ. ಅಮಾವಾಸ್ಯೆಯ ರಾತ್ರಿ, ಅಳಿವೆಯ ಬಾಯಲ್ಲಿ ಹಾಯಿ ಇಳಿಸಿ ನಿಂತ ಹಡಗು, ಅದರ ಮೇಲೆ ಒಬ್ಬ ಬ್ಯಾರಿ ನಾವಿಕ, ದೂರದಲ್ಲಿ ಪೋರ್ಚುಗೀಸರ ದೀಪ. ಕೊನೆಗೆ ಹಡಗು ಹೊತ್ತಿ ಉರಿಯುತ್ತದೆ. ಬರೆದು ಮುಗಿಸಿದಾಗ ನಮಗೇ ನಮ್ಮ ಮೇಲೆ ಮೆಚ್ಚುಗೆ ಬಂದಿತ್ತು. ಪರಿಚಯದ ಒಬ್ಬ ಇತಿಹಾಸ ಪ್ರಾಧ್ಯಾಪಕರಿಗೆ ಅದನ್ನು ಓದಲು ಕೊಟ್ಟೆವು. ಪೋರ್ಚುಗೀಸರ ಕಡಲ ಸಾಮ್ರಾಜ್ಯದ ಪಾಠವನ್ನು ಅವರಷ್ಟು ಪ್ರೀತಿಯಿಂದ ಮಾಡುವವರನ್ನು ನಾವು ನೋಡಿಲ್ಲ.

ವಾರ ಕಳೆದು ಅವರು ಹಸ್ತಪ್ರತಿ ವಾಪಸು ಕೊಟ್ಟರು. "ಕಥೆ ಲಾಯ್ಕುಂಟು ಮಾರಾಯ್ರೆ. ಆದರೆ ಆ ಹಡಗಿನಲ್ಲಿ ಏನಿತ್ತು?"

"ಸರಕು ಇತ್ತು ಸರ್" ಎಂದೆವು.

"ಎಂಥ ಸರಕು? ಎಲ್ಲಿಂದ ಬಂದದ್ದು? ಯಾರು ಬೆಳೆದದ್ದು? ಅದು ಗೊತ್ತಿಲ್ಲದೆ ನೀವು ಹಡಗು ಸುಟ್ಟರೆ ನಷ್ಟ ಯಾರಿಗಾಯಿತು ಅಂತ ಓದುವವನಿಗೆ ಹೇಗೆ ಗೊತ್ತಾಗಬೇಕು?"

ನಮ್ಮಲ್ಲಿ ಉತ್ತರವಿರಲಿಲ್ಲ. ಅಂದು ಆ ಕಥೆಯನ್ನು ಮಡಚಿಟ್ಟವರು ಉತ್ತರ ಹುಡುಕುತ್ತ ನಾವು ಕಡಲ ಕಡೆಗೆ ಹೋಗಲಿಲ್ಲ, ಒಳನಾಡಿನ ಕಡೆಗೆ ಬಂದೆವು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ಈ ಮೂರು ಕಡೆಗಳಲ್ಲೂ ಸಮುದ್ರವಿಲ್ಲ. ಅಲೆಯ ಸದ್ದು ಕೇಳಿಸುವುದಿಲ್ಲ. ಇಲ್ಲಿನ ಕಾಲೇಜುಗಳಲ್ಲಿ ಕೂತ ಮಕ್ಕಳಿಗೆ ಪೋರ್ಚುಗೀಸರ ಚರಿತ್ರೆ ಎಂದರೆ ಪರೀಕ್ಷೆಗೆ ಬಾಯಿಪಾಠ ಮಾಡಬೇಕಾದ ನಾಲ್ಕು ಇಸವಿಗಳು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. 1510ರಲ್ಲಿ ಆಲ್ಬುಕರ್ಕ್ ಗೋವೆಯನ್ನು ಹಿಡಿದ. ಆಮೇಲೆ ಡಚ್ಚರು ಬಂದರು, ಇಂಗ್ಲಿಷರು ಬಂದರು. ಅಷ್ಟೆ. ತಮ್ಮ ಮನೆಯ ಹಿಂದಿನ ಗದ್ದೆಗೂ ಲಿಸ್ಬನ್ನಿಗೂ ಏನಾದರೂ ಸಂಬಂಧ ಇದ್ದೀತೆಂದು ಯಾವ ಹುಡುಗನೂ ಯೋಚಿಸುವುದಿಲ್ಲ. ನಾವೂ ಯೋಚಿಸಿದವರಲ್ಲ.

ಪೋರ್ಚುಗೀಸರು ಬರುವ ಮೊದಲು

ಪರಂಗಿಗಳು ಬಂದಾಗ ಈ ಕಡಲು ಖಾಲಿ ಇರಲಿಲ್ಲ. 1342ರ ಸುಮಾರಿಗೆ ಮಂಗಳೂರಿಗೆ ಬಂದ ಇಬ್ನ್ ಬತೂತ ಇಲ್ಲಿ ಫಾರಸ್ ಮತ್ತು ಯಮನ್ ದೇಶದ ವರ್ತಕರು ಇಳಿಯುವುದನ್ನೂ, ಕಾಳುಮೆಣಸು ಮತ್ತು ಶುಂಠಿ ಹೇರಳವಾಗಿರುವುದನ್ನೂ ಬರೆದಿದ್ದಾನೆ. ಊರಿನ ಪಕ್ಕದಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದರು ಎನ್ನುತ್ತಾನೆ. ಅವರಿಗೂ ಊರಿನವರಿಗೂ ಆಗಾಗ ಜಗಳವಾಗುತ್ತಿತ್ತು, ಆದರೆ ವರ್ತಕರು ಬೇಕಾಗಿದ್ದ ಕಾರಣ ಅರಸ ಅವರಿಬ್ಬರನ್ನೂ ರಾಜಿ ಮಾಡಿಸುತ್ತಿದ್ದ ಎಂದೂ ಸೇರಿಸುತ್ತಾನೆ. ಈ ಕೊನೆಯ ಮಾತನ್ನು ನಮ್ಮವರು ಭಾಷಣಗಳಲ್ಲಿ ಹೇಳುವುದು ಕಡಿಮೆ. ಹಳೆಯ ಕಾಲವೆಲ್ಲ ಸೌಹಾರ್ದದ ಕಾಲವೆಂದು ಹೇಳುವುದು ಕೇಳಲು ಚೆಂದ. ನಿಜವಾಗಿ ಇದ್ದದ್ದು ಜಗಳ ಮತ್ತು ರಾಜಿ ಎರಡೂ. ರಾಜಿಗೆ ಕಾರಣ ವ್ಯಾಪಾರ.

ಪೋರ್ಚುಗೀಸರ ನೌಕರಿಯಲ್ಲಿದ್ದ ದುವಾರ್ತೆ ಬಾರ್ಬೋಸ 16ನೆಯ ಶತಮಾನದ ಎರಡನೆಯ ದಶಕದಲ್ಲಿ ಈ ಕರಾವಳಿಯನ್ನು ವರ್ಣಿಸುವಾಗ ಮಂಗಳೂರಿನ ಬಂದರಿನಲ್ಲಿ ಮೂರರು ಮತ್ತು ಸ್ಥಳೀಯರ ಹಡಗುಗಳು ಕಪ್ಪು ಬಣ್ಣದ ಅಕ್ಕಿಯನ್ನು ತುಂಬಿಸಿಕೊಳ್ಳುತ್ತಿದ್ದವೆಂದೂ, ಅದು ಬಿಳಿ ಅಕ್ಕಿಗಿಂತ ಆರೋಗ್ಯಕ್ಕೆ ಒಳ್ಳೆಯದೆಂದೂ ಬರೆದಿದ್ದಾನೆ. 'ಮೂರರು' ಎಂದರೆ ಪೋರ್ಚುಗೀಸರ ಬಾಯಲ್ಲಿ ಮುಸ್ಲಿಮರು. ಇದನ್ನು ಓದಿದಾಗ ನಮಗೆ ನೆನಪಾದದ್ದು ಕುಚ್ಚಲಕ್ಕಿಯ ಗಂಜಿ. ಐನೂರು ವರ್ಷಗಳ ಹಿಂದೆ ಲಿಸ್ಬನ್ನಿನಿಂದ ಬಂದವನೊಬ್ಬ ನಮ್ಮ ಗಂಜಿಯ ಬಗ್ಗೆ ಅಜ್ಜಿಯಂದಿರ ಹಾಗೆ ಮಾತನಾಡಿದ್ದಾನಲ್ಲ ಎಂದು ನಗುವೂ ಬಂತು.

ಪ್ರಾಧ್ಯಾಪಕರ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು. ಹಡಗಿನಲ್ಲಿ ಇದ್ದದ್ದು ಅಕ್ಕಿ.

ಕಾಗದದ ಚೀಟಿ, ಕಾಫಿಲಾ ಮತ್ತು ಮೌಸಮ್

ಪೋರ್ಚುಗೀಸರು ಈ ದೇಶದಲ್ಲಿ ಹಿಡಿದ ನೆಲ ಬಹಳ ಕಡಿಮೆ. ಗೋವೆ, ದೀವ್, ದಮನ್, ಕೊಚ್ಚಿ, ಇನ್ನಷ್ಟು ಕೋಟೆಗಳು. ಅವರು ಒಡೆತನ ಸಾರಿದ್ದು ನೀರಿನ ಮೇಲೆ. ಅದಕ್ಕೆ ಅವರು ಬಳಸಿದ ಮುಖ್ಯ ಉಪಾಯ ಒಂದು ಕಾಗದದ ಚೀಟಿ. ಅದಕ್ಕೆ 'ಕಾರ್ತಾಜ್' ಎಂದು ಹೆಸರು. ಅರಬಿ ಕಡಲಿನಲ್ಲಿ ಹೋಗುವ ಪ್ರತಿ ಹಡಗೂ ಪೋರ್ಚುಗೀಸ್ ಅಧಿಕಾರಿಯಿಂದ ಆ ಚೀಟಿ ಪಡೆಯಬೇಕು. ಹಡಗಿನ ಹೆಸರು, ನಾಖುದನ ಹೆಸರು, ಸರಕು, ಆಯುಧ, ಹೋಗುವ ಊರು ಎಲ್ಲವೂ ಅದರಲ್ಲಿ ಬರೆದಿರಬೇಕು. ಮೆಣಸು ಒಯ್ಯಬಾರದು, ಕುದುರೆ ಒಯ್ಯಬಾರದು, ಹೇಳಿದ ಕೋಟೆಯಲ್ಲಿ ನಿಂತು ಸುಂಕ ಕಟ್ಟಬೇಕು. ಚೀಟಿ ಇಲ್ಲದ ಹಡಗು ಸಿಕ್ಕಿದರೆ ಅದು ಲೂಟಿಯ ಮಾಲು. ತಲೆತಲಾಂತರದಿಂದ ಯಾರ ಅಪ್ಪಣೆಯೂ ಇಲ್ಲದೆ ಓಡಾಡುತ್ತಿದ್ದ ಕಡಲಿನಲ್ಲಿ ನಿನ್ನೆ ಬಂದವನ ಸಹಿ ಬೇಕಾಯಿತು.

ಇಲ್ಲಿ ನಮ್ಮಂಥ ಉರ್ದು ಶಾಲೆಯಲ್ಲಿ ಕಲಿತವರಿಗೆ ಒಂದು ಅಚ್ಚರಿ ಕಾದಿದೆ. 'ಕಾರ್ತಾಜ್' ಎಂಬ ಶಬ್ದ ಅರಬಿಯ 'ಕಿರ್ತಾಸ್'ನಿಂದ ಬಂದದ್ದೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಕಿರ್ತಾಸ್ ಎಂದರೆ ಕಾಗದ. ಚಿಕ್ಕ ಹಡಗುಗಳನ್ನು ಗುಂಪಾಗಿ ಸೇರಿಸಿ, ಯುದ್ಧದ ಹಡಗುಗಳ ಕಾವಲಿನಲ್ಲಿ ಒಯ್ಯುವ ಕ್ರಮಕ್ಕೆ ಅವರು 'ಕಾಫಿಲಾ' ಎಂದೇ ಕರೆದರು. ಮರುಭೂಮಿಯ ಒಂಟೆಗಳ ಸಾಲಿಗೆ ನಾವು ಹೇಳುವ ಅದೇ ಕಾಫಿಲಾ. ಗೋವೆಯ ಪತ್ರಾಗಾರದಲ್ಲಿರುವ ಅವರ ಬಹುಮುಖ್ಯ ಕಡತಗಳ ಮಾಲೆಗೆ 'ಮೊನ್ಸೋಯಿಸ್ ದೊ ರೇನೊ' ಎಂದು ಹೆಸರು. ಮುಂಗಾರಿನ ಗಾಳಿ ಹಿಡಿದು ಓಡಾಡುವ ಹಡಗುಗಳಲ್ಲಿ ಲಿಸ್ಬನ್ನಿಗೂ ಗೋವೆಗೂ ನಡುವೆ ಹೋಗಿ ಬಂದ ಪತ್ರಗಳು ಅವು. ಅದರ ಮೊದಲ ಪದದ ಮೂಲ ನಮ್ಮ 'ಮೌಸಮ್'.

ಕಡಲಿನ ಒಡೆಯರು ತಾವೆಂದು ಹೇಳಿಕೊಂಡವರು ಆ ಒಡೆತನವನ್ನು ಬರೆಯುವುದಕ್ಕೆ ಬಳಸಿದ ಮಾತು ಅವರು ಸೋಲಿಸಬೇಕೆಂದಿದ್ದವರದೇ ಆಗಿತ್ತು. ದಾರಿಯನ್ನು, ಗಾಳಿಯನ್ನು, ಲೆಕ್ಕವನ್ನು ಅವರು ಕಲಿತದ್ದು ಇಲ್ಲಿಯವರಿಂದ. ಆದರೆ ಇದನ್ನು ಹೇಳುವಾಗ ಒಂದು ಎಚ್ಚರ ಬೇಕು. ಒಮ್ಮೆ ನಾವು ಉತ್ಸಾಹದಲ್ಲಿ 'ಸಾಬೂನು' ಕೂಡ ನಮ್ಮದೇ, ಪರಂಗಿಗಳದ್ದಲ್ಲ ಎಂದೆವು. ಪ್ರಾಧ್ಯಾಪಕರು ನಕ್ಕರು. "ಅರಬಿಯ ಸಾಬೂನ್, ಪೋರ್ಚುಗೀಸಿನ ಸಬಾವ್ ಎರಡಕ್ಕೂ ಬೇರು ಲ್ಯಾಟಿನ್. ಶಬ್ದಕ್ಕೆ ವಾರಸುದಾರ ಹುಡುಕಲು ಹೊರಟರೆ ಸಾಬೂನಿನ ಹಾಗೇ ಜಾರಿ ಹೋಗುತ್ತದೆ" ಎಂದರು.

ಗೋವೆಯ ಹಸಿವು

ಗೋವೆ ಪೋರ್ಚುಗೀಸರ ಪೂರ್ವದೇಶದ ರಾಜಧಾನಿಯಾಯಿತು. ಇಗರ್ಜಿಗಳು ಎದ್ದವು, ಮಹಲುಗಳು ಎದ್ದವು, ಸಿಪಾಯಿಗಳು, ಪಾದ್ರಿಗಳು, ಗುಲಾಮರು, ವರ್ತಕರು ತುಂಬಿದರು. ಆದರೆ ಅಷ್ಟು ಜನರಿಗೆ ಉಣ್ಣಿಸುವಷ್ಟು ಗದ್ದೆ ಗೋವೆಯಲ್ಲಿ ಇರಲಿಲ್ಲ. ಅಕ್ಕಿ ಬರಬೇಕಾದದ್ದು ಕೆನರಾದಿಂದ. ಹೊನ್ನಾವರ, ಭಟ್ಕಳ, ಬಸ್ರೂರು, ಮಂಗಳೂರು. ಈ ಬಂದರುಗಳಿಂದ ಅಕ್ಕಿಯ ಕಾಫಿಲಾ ತಡವಾದರೆ ಗೋವೆಯ ಒಲೆಗಳು ತಣ್ಣಗಾಗುತ್ತಿದ್ದವು. ಇಲ್ಲಿನ ಅರಸರಿಂದ ಅವರು ಕೇಳಿದ ಕಪ್ಪವೂ ಬಹುಪಾಲು ಅಕ್ಕಿಯ ರೂಪದಲ್ಲೇ. 'ಫಾರ್ದು' ಎಂಬ ಮೂಟೆಯ ಲೆಕ್ಕದಲ್ಲಿ ಅವರು ಅದನ್ನು ಬರೆದಿಟ್ಟರು. ಹುಲ್ಲಿನಲ್ಲಿ ಸುತ್ತಿ ಬಿಗಿದ ನಮ್ಮ ಅಕ್ಕಿಮುಡಿಯನ್ನು ಕಂಡವರಿಗೆ ಆ ಮೂಟೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ.

ಈ ಸಂಗತಿಗಳು ನಮಗೆ ತಿಳಿಯುವಂತಾದದ್ದು ಕೆಲವು ಇತಿಹಾಸಕಾರರು ವರ್ಷಗಟ್ಟಲೆ ಹಳೆಯ ಪೋರ್ಚುಗೀಸ್ ಕಡತಗಳ ಮುಂದೆ ಕೂತದ್ದರಿಂದ. ಗೋವಾ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಪ್ರಾಧ್ಯಾಪಕರಾಗಿದ್ದ ಬಿ.ಎಸ್. ಶಾಸ್ತ್ರಿಯವರು 1498ರಿಂದ 1763ರವರೆಗಿನ ಗೋವೆ ಮತ್ತು ಕೆನರಾದ ಸಂಬಂಧವನ್ನೇ ತಮ್ಮ ಸಂಶೋಧನೆಯ ವಿಷಯ ಮಾಡಿಕೊಂಡರು. ಅವರ ಆ ಗ್ರಂಥ 2000ದಲ್ಲಿ ಪ್ರಕಟವಾಯಿತು. ಸಂಜಯ್ ಸುಬ್ರಹ್ಮಣ್ಯಂ 17ನೆಯ ಶತಮಾನದ ಮೊದಲ ಅರ್ಧದ ಬಸ್ರೂರಿನ ಅಕ್ಕಿ ವ್ಯಾಪಾರದ ಬಗ್ಗೆ 1984ರಲ್ಲೇ ಬರೆದರು. ಇಂಥ ಕೆಲಸಕ್ಕೆ ಚಪ್ಪಾಳೆ ಸಿಗುವುದಿಲ್ಲ. ಹುಳ ತಿಂದ ಹಾಳೆ, ಓದಲಾಗದ ಕೈಬರಹ, ಅರ್ಥವಾಗದ ಅಳತೆ. ಆದರೆ ಯುದ್ಧದ ವರ್ಣನೆಯಲ್ಲಿ ಕಾಣದ ರೈತ ಕಾಣುವುದು ಇಂಥ ಅಳತೆಯ ಪಟ್ಟಿಗಳಲ್ಲೇ.

ಬಂದರಿನ ಬೆನ್ನಿಗೆ ಗದ್ದೆ ಇರಲೇಬೇಕು. ಮಂಗಳೂರಿನ ಅಳಿವೆಗೆ ಬಂದು ಸೇರುವ ಹೊಳೆಗಳು ಎರಡು. ನೇತ್ರಾವತಿ ಬೆಳ್ತಂಗಡಿಯ ಸೀಮೆಯನ್ನು ಬಳಸಿ ಬಂಟ್ವಾಳದ ಪೇಟೆಯನ್ನು ಮುಟ್ಟಿ ಇಳಿಯುತ್ತದೆ. ಫಲ್ಗುಣಿ ವೇಣೂರನ್ನು ದಾಟಿ ಗುರುಪುರದ ಕಡೆಗೆ ಹರಿಯುತ್ತದೆ. ಲಾರಿ ಬರುವ ಮೊದಲು ಬಂಟ್ವಾಳ ಘಟ್ಟದ ಸರಕು ದೋಣಿ ಹತ್ತುವ ಪೇಟೆ. ಚಾರ್ಮಾಡಿಯ ದಾರಿಯಾಗಿ ಎತ್ತಿನ ಮೇಲೆ ಬಂದದ್ದು ಇಲ್ಲಿ ಹೊಳೆಗೆ ಇಳಿಯುತ್ತಿತ್ತು. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುವ ಬಯಲುಗಳು ಈ ಹೊಳೆಗಳ ಎರಡೂ ದಂಡೆಗಳಲ್ಲಿವೆ. ಅಲ್ಲಿ ಸೊಂಟದವರೆಗೆ ಕೆಸರಿನಲ್ಲಿ ನಿಂತು ನೇಜಿ ನೆಟ್ಟವರಿಗೆ ಲಿಸ್ಬನ್ ಎಂಬ ಊರಿದೆ ಎಂಬುದೂ ಗೊತ್ತಿರಲಿಲ್ಲ. ಆದರೆ ಅವರ ಬೆವರಿಗಾಗಿ ಕಡಲಿನಲ್ಲಿ ತೋಪುಗಳು ಹಾರುತ್ತಿದ್ದವು.

ಅಕ್ಕಿ ಬೇಕಾದದ್ದು ಗೋವೆಗೆ ಮಾತ್ರವಲ್ಲ. ಮಲಬಾರಿಗೆ, ಅರಬ್ ದೇಶಗಳಿಗೆ, ಹೊರ್ಮುಜಿಗೆ ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಒಯ್ಯುತ್ತಿದ್ದವರಲ್ಲಿ ಬಹಳ ಮಂದಿ ಮುಸ್ಲಿಮ್ ವರ್ತಕರು ಮತ್ತು ನಾವಿಕರು. ಕಲ್ಲಿಕೋಟೆಯ ಸಾಮೂದಿರಿಯ ಜತೆ ಪೋರ್ಚುಗೀಸರಿಗೆ ಯುದ್ಧ ನಡೆಯುತ್ತಿದ್ದಾಗ ತುಳುನಾಡಿನ ಅಕ್ಕಿ ಅಲ್ಲಿಗೆ ತಲುಪದಂತೆ ತಡೆಯುವುದೇ ಒಂದು ಯುದ್ಧತಂತ್ರ. ಉಳ್ಳಾಲದ ಜಗಳದ ಬುಡ ಇರುವುದು ಇಲ್ಲಿ. ತನ್ನ ಬಂದರಿನಿಂದ ತನ್ನ ಅಕ್ಕಿಯನ್ನು ತನಗೆ ಬೇಕಾದವರಿಗೆ ಮಾರುವ ಹಕ್ಕು ಯಾರದು ಎಂಬ ಪ್ರಶ್ನೆ ಅದು.

ಬರಿಗಾಲಿನ ರಾಣಿ

ಉಳ್ಳಾಲದ ರಾಣಿಯರು ಚೌಟ ವಂಶದವರು. ಧರ್ಮದಲ್ಲಿ ಜೈನರು, ಆಳ್ವಿಕೆ ಅಳಿಯಸಂತಾನದ ಕಟ್ಟಿನಂತೆ. ಆ ವಂಶದ ನೆಲೆಗಳು ಉಳ್ಳಾಲ, ಪುತ್ತಿಗೆ, ಮುಂದೆ ಮೂಡುಬಿದಿರೆ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ಈಗಲೂ ಒಂಬತ್ತು ನಾರಿಯರು ಸೇರಿ ಆನೆಯಾದ, ಐದು ನಾರಿಯರು ಸೇರಿ ಕುದುರೆಯಾದ ಕೆತ್ತನೆಯ ಮರದ ಕಂಬಗಳಿವೆ. ಅಲ್ಲೇ ಹತ್ತಿರದಲ್ಲಿ 1430ರಲ್ಲಿ ಕಟ್ಟಲಾರಂಭಿಸಿದ ಸಾವಿರ ಕಂಬದ ಬಸದಿ. ಅದರ ಜಗಲಿಯ ಕಲ್ಲಿನಲ್ಲಿ ಜಿರಾಫೆ ಮತ್ತು ಚೀನೀ ಡ್ರಾಗನ್ ಎಂದು ಗುರುತಿಸುವ ಕೆತ್ತನೆಗಳನ್ನು ಬಂದವರಿಗೆಲ್ಲ ತೋರಿಸುತ್ತಾರೆ. ಬಸದಿ ಕಟ್ಟಿಸಲು ಹಣ ಕೊಟ್ಟ ಸೆಟ್ಟಿಗಳ ಸಂಪತ್ತು ವ್ಯಾಪಾರದ್ದು. ಕಡಲಿಲ್ಲದ ಊರಿನ ಕಲ್ಲಿನಲ್ಲಿ ಆಫ್ರಿಕ ಮತ್ತು ಚೀನ ಬಂದು ಕೂತಿರುವುದನ್ನು ಕಂಡರೆ, ಬಂದರು ಎಂಬುದು ಕಡಲತೀರದಲ್ಲೇ ಮುಗಿಯುವುದಿಲ್ಲ ಎಂದು ಯಾವ ವಿದ್ಯಾರ್ಥಿಗೂ ಹೇಳಿಕೊಡಬೇಕಾಗಿಲ್ಲ.

ಉಳ್ಳಾಲದ ಮೇಲೆ ಪೋರ್ಚುಗೀಸರು 1555ರ ಸುಮಾರಿಗೆ ದಂಡೆತ್ತಿ ಬಂದರು. 1568ರಲ್ಲಿ ವೈಸರಾಯ್ ಆಂತಾವ್ ದ ನೊರೊನ್ಯ ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ನನ ಹೆಸರಿನ ಕೋಟೆ ಕಟ್ಟಿಸಿದ. ಜನರ ನೆನಪಿನಲ್ಲಿ ಅಬ್ಬಕ್ಕ ಒಬ್ಬಳೇ. ಚರಿತ್ರೆಯ ಪತ್ರಗಳಲ್ಲಿ ಒಬ್ಬರಿಗಿಂತ ಹೆಚ್ಚು ರಾಣಿಯರು ಇದ್ದಂತೆ ಕಾಣುತ್ತದೆ. 1550ರ ದಶಕದ ರಾಣಿಯೂ 1623ರ ರಾಣಿಯೂ ಒಬ್ಬಳೇ ಆಗಿರಲಾರಳು.

ಆ 1623ರ ರಾಣಿಯನ್ನು ಕಣ್ಣಾರೆ ಕಂಡು ಬರೆದವನು ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ಇಟಲಿಯ ಪ್ರವಾಸಿ. ಅವಳನ್ನು ನೋಡಲು ಉಳ್ಳಾಲಕ್ಕೆ ಹೋದರೆ ಅವಳು ಅಲ್ಲಿ ಇರಲಿಲ್ಲ. ಒಳನಾಡಿನ ಮಣೇಲಿನಲ್ಲಿದ್ದಾಳೆಂದು ತಿಳಿದು ಅಲ್ಲಿಗೆ ಹೋದ. ಅವಳು ಸಿಕ್ಕಿದ್ದು ಬೀದಿಯಲ್ಲಿ. ತಾನು ಮಾಡಿಸುತ್ತಿದ್ದ ಮಣ್ಣು ಅಗೆತದ ಕೆಲಸ ನೋಡಲು ಬರಿಗಾಲಿನಲ್ಲಿ ನಡೆದು ಹೊರಟಿದ್ದಳು. ಮೈಮೇಲೆ ಸಾದಾ ಬಟ್ಟೆ, ತಲೆಯ ಮೇಲೆ ಓಲೆಯ ಕೊಡೆ. ನೋಡಲು ಅಡುಗೆಯವಳ ಹಾಗಿದ್ದಳು, ಆದರೆ ಮಾತಿಗೆ ನಿಂತಾಗ ರಾಣಿಯೆಂದು ಗೊತ್ತಾಯಿತು ಎಂಬ ಅರ್ಥದಲ್ಲಿ ಆತ ಬರೆದಿದ್ದಾನೆ. ಅವನ ಮಾತಿನಲ್ಲಿ ಯುರೋಪಿಯನ್ನನ ಜಂಬ ಇದೆ. ಆದರೂ ಆ ಚಿತ್ರ ಕುದುರೆ ಏರಿ ಕತ್ತಿ ಹಿರಿದ ಪ್ರತಿಮೆಗಿಂತ ನಮಗೆ ಹೆಚ್ಚು ಹತ್ತಿರದ್ದಾಗಿ ಕಂಡಿತು. ಕಡಲಿನವರ ಜತೆ ಜಗಳವಾಡಿದ ಮನೆತನದ ರಾಣಿ ಒಳನಾಡಿನಲ್ಲಿ ಮಣ್ಣಿನ ಕೆಲಸ ನೋಡುತ್ತಿದ್ದಾಳೆ. ಅವಳ ಬಲ ಎಲ್ಲಿತ್ತೋ ಅವಳು ಅಲ್ಲಿದ್ದಳು.

ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಇತಿಹಾಸ ಪ್ರಾಧ್ಯಾಪಕ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ರಾಣಿಯ ಹೆಸರಿನ ಜತೆಗೆ ತುಳುವರ ಬದುಕಿನ ಸಾಮಾನುಗಳೂ ಕೂಡಿಬಿದ್ದವು. ಬೇಸಾಯದ ಸಲಕರಣೆ, ಅಡುಗೆಮನೆಯ ಪಾತ್ರೆ ಪಗಡಿ, ಅಳತೆಯ ಸೇರು ಕಳಸೆಗಳಂಥವು. ರಾಣಿಗೂ ಸೇರಿಗೂ ಏನು ಸಂಬಂಧ ಎಂದು ಮೊದಲು ನಮಗೂ ಅನಿಸಿತ್ತು. ಅಕ್ಕಿಯ ಕಥೆ ತಿಳಿದ ಮೇಲೆ ಅದೇ ಸರಿಯಾದ ಜೋಡಿ ಎನಿಸಿತು. 2012ರಲ್ಲಿ ಭಾರತೀಯ ತಟರಕ್ಷಣಾ ಪಡೆ ತನ್ನ ಒಂದು ಹಡಗಿಗೆ ರಾಣಿ ಅಬ್ಬಕ್ಕ ಎಂದು ಹೆಸರಿಟ್ಟಿತು. ಹೆಸರು ಹಡಗಿಗೂ ಸಲ್ಲಬೇಕು, ಸೇರಿಗೂ ಸಲ್ಲಬೇಕು.

ಯಾರ ಪಕ್ಷದಲ್ಲಿ ಯಾರು?

ಈಗ ಕಷ್ಟದ ಮಾತಿಗೆ ಬರೋಣ. ಪೋರ್ಚುಗೀಸರ ಚರಿತ್ರೆಯನ್ನು ಇವತ್ತು ಓದುವವರು ಕಡಿಮೆ, ಬಳಸುವವರು ಹೆಚ್ಚು. ಒಬ್ಬರಿಗೆ ಅದು ಹಿಂದೂ ರಾಣಿ ವಿದೇಶಿ ಕ್ರೈಸ್ತರನ್ನು ಓಡಿಸಿದ ಕಥೆ. ನಮ್ಮವರಿಗೆ ಅದು ಮುಸ್ಲಿಮರ ಬಲಿದಾನದ ಕಥೆ. ಎರಡು ಕಡೆಯೂ ಹೇಳುವುದರಲ್ಲಿ ನಿಜವಿದೆ. 1502ರಲ್ಲಿ ಗಾಮ ಮಕ್ಕದಿಂದ ಬರುತ್ತಿದ್ದ ಯಾತ್ರಿಕರ ಹಡಗನ್ನು ಜನರ ಸಮೇತ ಸುಟ್ಟ. 1510ರಲ್ಲಿ ಗೋವೆ ಹಿಡಿದಾಗ ಅಲ್ಲಿನ ಮುಸ್ಲಿಮರ ಕಗ್ಗೊಲೆಯಾಯಿತು, ಅದನ್ನು ಆಲ್ಬುಕರ್ಕ್ ತನ್ನ ದೊರೆಗೆ ಬರೆದು ತಿಳಿಸಿದ. 1600ರಲ್ಲಿ ನಾಲ್ಕನೆಯ ಕುಂಞಾಲಿ ಮರಕ್ಕಾರನನ್ನು ಗೋವೆಯಲ್ಲಿ ಕೊಂದರು. ಇವನ್ನು ಮರೆಯಬೇಕಾಗಿಲ್ಲ.

ಆದರೆ ಪೂರ್ತಿ ಓದಿದರೆ ಸಾಲುಗಳು ನೇರವಾಗಿರುವುದಿಲ್ಲ. ಗೋವೆಯನ್ನು ಆದಿಲ್‌ಶಾಹಿಗಳಿಂದ ಕಿತ್ತುಕೊಳ್ಳಲು ಪೋರ್ಚುಗೀಸರಿಗೆ ನೆರವಾದವನು ಹೊನ್ನಾವರದ ತಿಮ್ಮಯ್ಯ. ಕುಂಞಾಲಿಯನ್ನು ಪೋರ್ಚುಗೀಸರ ಕೈಗೆ ಸಿಗುವಂತೆ ಮಾಡಿದ್ದು ಅವನ ಮನೆತನ ತಲೆಮಾರುಗಳ ಕಾಲ ಯಾರಿಗಾಗಿ ಕಾದಿತ್ತೋ ಆ ಸಾಮೂದಿರಿಯೇ. ಕಣ್ಣೂರಿನ ಮುಸ್ಲಿಮ್ ವರ್ತಕರು ಅಗತ್ಯ ಬಿದ್ದಾಗ ಪೋರ್ಚುಗೀಸರ ಚೀಟಿ ಪಡೆದು ವ್ಯಾಪಾರ ಮಾಡಿದರು. ಉಳ್ಳಾಲದ ರಾಣಿಯ ವಿರುದ್ಧ ಪೋರ್ಚುಗೀಸರ ಜತೆಗೂಡಿದವನು ಮಂಗಳೂರಿನ ಬಂಗ ಅರಸ, ಅವನೂ ಜೈನನೇ, ಅವಳ ಗಂಡನೇ. ಬಂಗರ ಹಳೆಯ ನೆಲೆಗಳು ಬೆಳ್ತಂಗಡಿಯ ಬಂಗಾಡಿ, ಬಂಟ್ವಾಳದ ನಂದಾವರ. ಅವನನ್ನೂ ಪೋರ್ಚುಗೀಸರನ್ನೂ ಮಣಿಸಲು ರಾಣಿ ಕರೆದದ್ದು ಕೆಳದಿಯ ವೆಂಕಟಪ್ಪನಾಯಕನನ್ನು. ಕೊನೆಗೆ 1650ರ ದಶಕದಲ್ಲಿ ಪೋರ್ಚುಗೀಸರ ಕೋಟೆಗಳನ್ನು ಕಸಿದವನು ಕೆಳದಿಯ ಶಿವಪ್ಪನಾಯಕ. ಅವನ ನಂತರ ಕೆಳದಿಯವರೇ ಅವರ ಜತೆ ಮತ್ತೆ ಒಪ್ಪಂದ ಮಾಡಿಕೊಂಡರು. ಅಕ್ಕಿಗೆ ಗಿರಾಕಿ ಬೇಕಲ್ಲ.

ಪೊನ್ನಾನಿಯ ಶೇಖ್ ಝೈನುದ್ದೀನ್ ಮಖ್ದೂಮ್ ಅರಬಿಯಲ್ಲಿ ಬರೆದ 'ತುಹ್ಫತುಲ್ ಮುಜಾಹಿದೀನ್' 16ನೆಯ ಶತಮಾನದ ಕೊನೆಯ ಭಾಗದ್ದು. ಪರಂಗಿಗಳ ಕ್ರೌರ್ಯವನ್ನು ಕಂಡು ನೊಂದವನ ಗ್ರಂಥ. ಮಂಗಳೂರಿನ ಕೋಟೆಗೆ ರಾತ್ರಿ ನುಗ್ಗಿ ಬೆಂಕಿಯಿಟ್ಟು, ಮರಳುವ ದಾರಿಯಲ್ಲಿ ಪೋರ್ಚುಗೀಸರ ಹಡಗುಗಳಿಗೆ ಸಿಕ್ಕಿ ಸತ್ತ ಕುಟ್ಟಿ ಪೋಕರ್ ಎಂಬ ನಾವಿಕನ ಸುದ್ದಿ ಅದರಲ್ಲಿದೆ. ನಮ್ಮ ಸಭೆಗಳಲ್ಲಿ ಈ ಗ್ರಂಥದ ಹೆಸರು ಹೇಳುವವರು ಅದರ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತಾರೆ. ಮಲಬಾರಿನ ಮುಸ್ಲಿಮರು ಪರಂಗಿಗಳು ಬರುವ ಮೊದಲು ನೆಮ್ಮದಿಯಿಂದ ಇದ್ದದ್ದು ಅಲ್ಲಿನ ಹಿಂದೂ ಅರಸರ ಆಶ್ರಯದಲ್ಲಿ ಎಂಬುದನ್ನು ಶೇಖರು ಕೃತಜ್ಞತೆಯಿಂದ ದಾಖಲಿಸಿದ್ದಾರೆ.

ಪರಂಗಿಪೇಟೆಯ ಹೆಸರು

ಮಂಗಳೂರಿನಿಂದ ಬಂಟ್ವಾಳಕ್ಕೆ ಹೋಗುವ ಬಸ್ಸಿನ ನಿರ್ವಾಹಕ "ಫರಂಗಿಪೇಟೆ, ಫರಂಗಿಪೇಟೆ" ಎಂದು ಕೂಗುತ್ತಾನೆ. ಇಳಿಯುವವರಲ್ಲಿ ಬಹಳ ಮಂದಿ ಮುಸ್ಲಿಮರು. ಊರಿನ ಹೆಸರು ಮಾತ್ರ ಪರಂಗಿಗಳದ್ದು. ಅರಬರ 'ಇಫ್ರಂಜ್', ಫಾರಸಿಯ 'ಫರಂಗ್', ನಮ್ಮಲ್ಲಿ ಪರಂಗಿ, ಫಿರಂಗಿ. ಅದೇ ಶಬ್ದ ತೋಪಿಗೂ ಆಯಿತು, ಘಟ್ಟದ ಮೇಲೆ ಪಪ್ಪಾಯಿ ಹಣ್ಣಿಗೂ ಆಯಿತು.

ಆದರೆ ಈ ಪೇಟೆಯಲ್ಲಿ ನೆಲೆಸಿದ ಕ್ರೈಸ್ತರು ಪೋರ್ಚುಗಲ್ಲಿನವರಲ್ಲ. ಗೋವೆಯಿಂದ ಬಂದ ಕೊಂಕಣಿ ಮಾತಾಡುವ ರೈತರು. 1560ರಲ್ಲಿ ಗೋವೆಯಲ್ಲಿ ಆರಂಭವಾದ ಇನ್‌ಕ್ವಿಸಿಷನ್ ಎಂಬ ಧರ್ಮನ್ಯಾಯಾಲಯದ ಕಾಟ, ಬರ, ಯುದ್ಧ, ತೆರಿಗೆ ಇವುಗಳಿಂದ ತಪ್ಪಿಸಿಕೊಂಡು ಕೆನರಾಕ್ಕೆ ಬಂದವರು. ಒಳ್ಳೆಯ ಬೇಸಾಯಗಾರರೆಂದು ಕೆಳದಿಯ ಅರಸರು ಅವರಿಗೆ ನೆಲ ಕೊಟ್ಟರು. ಎಂದರೆ, ಪರಂಗಿಗಳೆಂದು ನಾವು ಕರೆದವರು ಪರಂಗಿ ರಾಜ್ಯದಿಂದ ಓಡಿಬಂದವರು. ಅವರು ಇಲ್ಲಿ ಬೆಳೆದದ್ದೂ ಭತ್ತವನ್ನೇ.

ಇದರ ಮುಂದಿನ ಪುಟವನ್ನು ನಾವು ಮುಸ್ಲಿಮರು ಓದದೆ ಮಗುಚಿಬಿಡುತ್ತೇವೆ. 1784ರಲ್ಲಿ ಟಿಪ್ಪು ಸುಲ್ತಾನ್ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕೆನರಾದ ಕ್ರೈಸ್ತರನ್ನು ಹೆಂಗಸರು ಮಕ್ಕಳ ಸಮೇತ ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಇಗರ್ಜಿಗಳು ನೆಲಸಮವಾದವು. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಅನೇಕರು. 1801ರಲ್ಲಿ ಈ ದಾರಿಯಾಗಿ ಬಂದ ಬುಕಾನನ್, ಒಂದು ಕಾಲಕ್ಕೆ ದೊಡ್ಡ ಪೇಟೆಯಾಗಿದ್ದ ಫರಂಗಿಪೇಟೆ ಹಾಳುಬಿದ್ದದ್ದನ್ನು ಬರೆದಿದ್ದಾನೆ. ಟಿಪ್ಪು 1799ರಲ್ಲಿ ಇಂಗ್ಲಿಷರ ವಿರುದ್ಧ ಹೋರಾಡಿ ಸತ್ತದ್ದು ನಿಜ, ಇದೂ ನಿಜ. ಗಾಮನ ಬೆಂಕಿಯನ್ನು ನೆನಪಿಡುವ ನಾವು ಇದನ್ನು ಮರೆತರೆ ನಮ್ಮದು ಚರಿತ್ರೆಯಲ್ಲ, ವಕಾಲತ್ತು.

ಸೆರೆಯಿಂದ ಬದುಕಿ ಮರಳಿದವರು ಮತ್ತೆ ಅದೇ ಹೊಳೆಯ ದಂಡೆಗೆ ಬಂದರು. ಮತ್ತೆ ಗದ್ದೆ ಹೂಡಿದರು. ಅವರ ನೆರೆಯಲ್ಲಿ ಬ್ಯಾರಿಗಳು, ಬಂಟರು, ಬಿಲ್ಲವರು, ಜೈನರು. ಇಂದು ಅಲ್ಲಿ ಯಾರ ಅಂಗಳಕ್ಕೆ ಹೋದರೂ ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗೇರು ಇದೆ, ಪಪ್ಪಾಯಿ ಇದೆ, ಅನಾನಸು ಇದೆ. ಯಾರ ಅಡುಗೆಮನೆಗೆ ಹೋದರೂ ಅಮೆರಿಕದಿಂದ ಅವರ ಹಡಗಿನಲ್ಲಿ ಬಂದ ಮೆಣಸಿನಕಾಯಿ ಅರೆಯುತ್ತಾರೆ. ಕೋರಿರೊಟ್ಟಿಯ ಸಾರಿಗೂ, ನಮ್ಮ ಮದುವೆಮನೆಯ ಬಿರಿಯಾನಿಗೂ ಆ ಖಾರ ಒಂದೇ. ಐನೂರು ವರ್ಷಗಳ ಹಿಂದೆ ಇಲ್ಲಿ ಯಾರೂ ಅದರ ರುಚಿ ಕಂಡವರಿರಲಿಲ್ಲ. ಚಾವಿ, ಪಗಾರ, ಇಸ್ತ್ರಿ, ಬಟಾಟೆ ಎನ್ನುವಾಗ ನಾವು ಪೋರ್ಚುಗೀಸ್ ಮಾತನಾಡುತ್ತಿದ್ದೇವೆಂದು ಯಾರಿಗೂ ಅನಿಸುವುದಿಲ್ಲ.

ಮಡಚಿಟ್ಟ ಕಥೆ

ಆ ಪ್ರಾಧ್ಯಾಪಕರು ತರಗತಿಯಲ್ಲಿ ಪೋರ್ಚುಗೀಸರ ಪಾಠ ಆರಂಭಿಸುವಾಗ ವಾಸ್ಕೋ ಡ ಗಾಮನ ಹೆಸರು ಎತ್ತುವುದಿಲ್ಲ. "ನಿಮ್ಮ ಮನೆಯಲ್ಲಿ ಹಳೆಯ ಸೇರು ಉಂಟಾ? ಅಕ್ಕಿಮುಡಿ ಕಟ್ಟಲು ಗೊತ್ತಿದ್ದ ಅಜ್ಜ ಇದ್ದಾರಾ? ಕೇಳಿ ಬನ್ನಿ" ಎನ್ನುತ್ತಾರೆ. ಮರುದಿನ ಮಕ್ಕಳು ತರುವ ಉತ್ತರಗಳಲ್ಲಿ ಒಬ್ಬನ ಅಜ್ಜ ಮುಡಿ ಕಟ್ಟಿದವನು, ಇನ್ನೊಬ್ಬಳ ಮುತ್ತಜ್ಜ ದೋಣಿ ನಡೆಸಿದವನು, ಮತ್ತೊಬ್ಬನ ಮನೆಯವರು ಗೇಣಿ ಅಕ್ಕಿ ಅಳೆದು ಕೊಟ್ಟವರು. ಜಾತಿ ಧರ್ಮಗಳು ಬೇರೆ ಬೇರೆ, ಅಕ್ಕಿ ಮಾತ್ರ ಒಂದೇ. ಅಲ್ಲಿಂದ ಅವರ ಪಾಠ ಹೊಳೆಗುಂಟ ಇಳಿದು ಬಂದರು ಮುಟ್ಟುತ್ತದೆ, ಬಂದರಿನಿಂದ ಗೋವೆಗೆ, ಗೋವೆಯಿಂದ ಲಿಸ್ಬನ್ನಿಗೆ. ನಮ್ಮ ಪಠ್ಯಪುಸ್ತಕಗಳು ಲಿಸ್ಬನ್ನಿನಿಂದ ಹೊರಟು ನಮ್ಮ ಅಂಗಳಕ್ಕೆ ಎಂದೂ ತಲುಪುವುದಿಲ್ಲ. ಅವರು ಅಂಗಳದಿಂದ ಹೊರಡುತ್ತಾರೆ. ಹಾಗೆ ಹೊರಟವನಿಗೆ ಚರಿತ್ರೆಯಲ್ಲಿ ತನ್ನ ಪಾಲೂ ಕಾಣುತ್ತದೆ, ನೆರೆಯವನ ಪಾಲೂ ಕಾಣುತ್ತದೆ.

ಮೊನ್ನೆ ಆ ಹಳೆಯ ಕಥೆಯನ್ನು ಮತ್ತೆ ತೆಗೆದು ನೋಡಿದೆವು. ಅಮಾವಾಸ್ಯೆ, ಬೆಂಕಿ, ಅಳಿವೆ ಎಲ್ಲವೂ ಇದ್ದ ಹಾಗೇ ಇತ್ತು. ಮೊದಲ ಎರಡು ಪುಟಗಳನ್ನು ಹರಿದು ಹಾಕಿದೆವು. ಈಗ ಕಥೆ ಆರಂಭವಾಗುವುದು ಕಡಲಿನಲ್ಲಲ್ಲ, ಬಂಟ್ವಾಳದ ಮೇಲಿನ ಒಂದು ಬೈಲಿನಲ್ಲಿ. ಸುಗ್ಗಿಯ ಬೆಳಿಗ್ಗೆ. ಒಬ್ಬಳು ಹೆಂಗಸು ಅಂಗಳದಲ್ಲಿ ಕೂತು ಕುಚ್ಚಲಕ್ಕಿ ಕೇರುತ್ತಿದ್ದಾಳೆ, ಅವಳ ಗಂಡ ಮುಡಿಗೆ ಹುಲ್ಲಿನ ಹಗ್ಗ ಹೊಸೆಯುತ್ತಿದ್ದಾನೆ. ಹೊಳೆಯಲ್ಲಿ ದೋಣಿಯವನು ಕೂಗುತ್ತಿದ್ದಾನೆ, ಹೊತ್ತಾಯಿತು ಎಂದು.

ಹಡಗು ಸುಡುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿಲ್ಲ. ಆದರೆ ಅದರೊಳಗೆ ಏನಿದೆ ಎಂದು ಈಗ ನಮಗೆ ಗೊತ್ತು.